ಸ್ಟೈಲು ಬ್ರೆಜಿಲಿನದು, ಮಂಡಿ ಮಾತ್ರ ನಮ್ಮದು

ಫುಟ್‌ಬಾಲ್ ಶೂಗೆ ಲೇಸು ಕಟ್ಟುವ ತನಕ ಮನುಷ್ಯ ಮನುಷ್ಯನಾಗಿಯೇ ಇರುತ್ತಾನೆ. ಕಟ್ಟಿ ಎದ್ದು ನಿಂತನೋ, ಅವನು ಬ್ರೆಜಿಲಿನವನೋ ಜರ್ಮನಿಯವನೋ ಆಗಿಬಿಟ್ಟಿರುತ್ತಾನೆ. ಇದನ್ನು ನಾನು ವಿಜಯವಾಡದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಗ ನೋಡಿದೆ, ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ನೋಡಿದೆ, ಈಗ ನಿವೃತ್ತನಾಗಿ ಅದೇ ಊರಿನ ಮಧುರವಾಡದಲ್ಲಿ ಫ್ಲ್ಯಾಟ್ ಹಿಡಿದು ಕೂತ ಮೇಲೂ ಭಾನುವಾರ ಭಾನುವಾರ ನೋಡುತ್ತಲೇ ಇದ್ದೇನೆ. ಇಷ್ಟು ಹೊತ್ತಿಗೆ ಅಭ್ಯಾಸ ಆಗಬೇಕಿತ್ತು. ಆಗಿಲ್ಲ. ಪ್ರತಿ ಸಲವೂ ಹೊಸದಾಗಿ ಬೆಚ್ಚಿಬೀಳುತ್ತೇನೆ.

ನಾನು ಆಡುವವನಲ್ಲ, ರೆಫರಿ. ತಂಡದಲ್ಲಿ ಎಲ್ಲರಿಗಿಂತ ವಯಸ್ಸಾದವನು, ಎಲ್ಲರಿಗಿಂತ ಕಡಿಮೆ ಓಡುವವನು, ಎಲ್ಲರಿಗಿಂತ ಹೆಚ್ಚು ಮಾತಾಡುವವನು ಅಂತ ಒಮ್ಮತದಿಂದ ನನ್ನ ಬಾಯಿಗೆ ವಿಷಲ್ ತುರುಕಿದರು. ವಿಷಲ್ ಬಾಯಲ್ಲಿದ್ದರೆ ಮಾತಾಡಲಿಕ್ಕಾಗುವುದಿಲ್ಲ ಎನ್ನುವುದು ಅವರ ಒಳ ಲೆಕ್ಕಾಚಾರವಾಗಿತ್ತು ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ತಮ್ಮನ್ನು ಯಾವ ಯಾವ ದೊಡ್ಡ ಆಟಗಾರರಿಗೆ ಹೋಲಿಸಿಕೊಂಡರೋ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೇಶ ಮಾತ್ರ ಹೇಳುತ್ತೇನೆ. ಆ ಪುಣ್ಯಾತ್ಮರು ಕಷ್ಟಪಟ್ಟು ಸಂಪಾದಿಸಿದ ಹೆಸರು. ನಮ್ಮಿಂದ ಯಾಕೆ ಕೆಡಬೇಕು?

೧. ಎಲ್ಲರೂ ಮುಂದೆ, ಹಿಂದೆ ಯಾರೂ ಇಲ್ಲ

ವಿಜಯವಾಡದ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಬೆಳಗಿನ ಎಂಟಕ್ಕೆಲ್ಲ ಅದು ನೆತ್ತಿಯ ಮೇಲೆ ಕೂತು ಯೋಗಕ್ಷೇಮ ವಿಚಾರಿಸುತ್ತದೆ. ಹಾಗಾಗಿ ಕತ್ತಲು ಹರಿಯುತ್ತಿದ್ದಂತೆ ಕೃಷ್ಣಾ ನದಿಯ ಕಡೆಯ ಒಂದು ಮೈದಾನದಲ್ಲಿ ಸೇರಿದೆವು. ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರೇ ಎಲ್ಲ. ನಾನು ಕಾಗದ ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ, "ನೀವು ಎಲ್ಲಿ ಆಡ್ತೀರಿ?"

ಮುಂದೆ, ಹಿಂದೆ, ನಡುವೆ, ಗೋಲಿನಲ್ಲಿ, ಹೀಗೇನಾದರೂ ಹೇಳುತ್ತಾರೆಂದು ನನ್ನ ನಿರೀಕ್ಷೆ. ಒಬ್ಬ ಅರ್ಜೆಂಟೀನಾ ಎಂದ. ಇನ್ನೊಬ್ಬ ಪೋರ್ಚುಗಲ್. ಮತ್ತೊಬ್ಬ ಫ್ರಾನ್ಸು, ಅದರಲ್ಲೂ "ಎಡಗಾಲು" ಎಂದು ಸೇರಿಸಿದ. ನನಗೆ ಗಾಬರಿಯಾಯಿತು. ಇದು ಫುಟ್‌ಬಾಲ್ ತಂಡವೋ ವಿಶ್ವಸಂಸ್ಥೆಯ ಸಭೆಯೋ? ಎಲ್ಲ ದೇಶಗಳ ಗೋಲು ಹೊಡೆಯುವವರೂ ನನ್ನೆದುರು ನಿಂತಿದ್ದರು. ಗೋಲು ತಡೆಯುವವನು ಭೂಮಿಯ ಮೇಲೆ ಒಬ್ಬನೂ ಇರಲಿಲ್ಲ.

ಕೊನೆಗೆ ನಮ್ಮ ಹುಬ್ಬಳ್ಳಿಯವರ ಸರದಿ. ಆಗಿನ್ನೂ ಅವರು ಆಫೀಸರ್. ಮುಂದೆ ವಿಶಾಖಪಟ್ಟಣದಲ್ಲಿ ಮ್ಯಾನೇಜರ್ ಆದರು. ಓದುವವರಿಗೆ ಗೊಂದಲ ಬೇಡ ಅಂತ ಮೊದಲಿಂದಲೂ ಮ್ಯಾನೇಜರ್ ಎಂದೇ ಕರೆಯುತ್ತೇನೆ. ಅವರಿಗೂ ಅದೇ ಇಷ್ಟ.

"ನಂದು ಬ್ರೆಜಿಲ್ ಸ್ಟೈಲ್ ರೀ ಸರ," ಎಂದರು.

"ಅಂದ್ರೆ?"

"ಆ ಬ್ರೆಜಿಲ್‌ನಾಂವ ಬಾಲಿನ ಹಿಂದ ಓಡೂದಿಲ್ಲ. ಬಾಲು ತಾನ ಅವನ್ನ ಹುಡಿಕ್ಕೊಂಡು ಬರ್ತದ. ನಂದೂ ಹಂಗ. ನೀವ ನೋಡೀರಂತ."

ನೋಡಿದೆ. ಎದುರಾಳಿ ಗೋಲಿನ ಹತ್ತಿರ ಒಂದು ಬೇವಿನ ಮರವಿತ್ತು. ಅದರ ನೆರಳಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಟ ಮುಗಿಯುವ ಹೊತ್ತಿಗೆ, ಆಶ್ಚರ್ಯ ನೋಡಿ, ಬಾಲು ಅವರನ್ನು ಹುಡುಕಿಕೊಂಡು ನಿಜವಾಗಿಯೂ ಬಂತು. ನೇರವಾಗಿ ಕಾಲ ಬುಡಕ್ಕೇ ಬಂತು. ಆ ಕ್ಷಣಕ್ಕೆ ಸರಿಯಾಗಿ ಅವರು ಮರದ ಆಚೆ ನೀರಿನ ಬಾಟಲಿ ತರಲು ಹೋಗಿದ್ದರು. ಬಾಲು ಸ್ವಲ್ಪ ಹೊತ್ತು ಕಾದಂತೆ ಮಾಡಿ ಉರುಳಿ ಹೋಯಿತು.

ನಾವೆಲ್ಲ ತಲೆಯ ಮೇಲೆ ಕೈಹೊತ್ತು ನಿಂತಿದ್ದರೆ ಅವರಿಗೆ ಕಿಂಚಿತ್ತೂ ಬೇಸರವಿಲ್ಲ. "ಬಂದಿತ್ತಲ್ರೀ ಸರ, ಬಂದಿತ್ತು! ನಾ ಸೀಟಿನಾಗ ಇರ್ಲಿಲ್ಲ, ಅಷ್ಟ."

ಅವತ್ತು ಸಂಜೆ ಅವರ ಮನೆಗೆ ಕಾಫಿಗೆ ಹೋದಾಗ ಅವರ ಮನೆಯವರು ನನ್ನೆದುರಿಗೇ ಹೇಳಿದರು, "ನೀವು ಒಂದ, ಒಂದ ಗೋಲು ಹೊಡೀರಿ. ಅವತ್ತು ನಾನ ಎಲ್ಲಾರ ಮುಂದ ಒಪ್ಕೋತೀನಿ, ನೀವು ಬ್ರೆಜಿಲ್ ಅಂತ. ಅಲ್ಲೀತನ ಮನ್ಯಾಗ ಆ ದೇಶದ ಹೆಸರು ಎತ್ತಬ್ಯಾಡ್ರಿ." ಮ್ಯಾನೇಜರ್ ನಕ್ಕು, "ಬರೂ ಐತವಾರ ನೋಡು," ಎಂದರು.

ಎಷ್ಟು ಐತವಾರಗಳು ಬಂದವು, ಹೋದವು! ಆ ಒಂದು ಗೋಲು ನಮ್ಮ ತಂಡದ ಮನೆಮಾತಾಯಿತು.

೨. ಇಟಲಿಯ ಕಣ್ಣು

ನಮ್ಮ ಹೆಡ್ ಕ್ಯಾಷಿಯರ್ ಮಂಡ್ಯದ ಕಡೆಯವರು. ಹಿಂದೆ ನಿಲ್ಲಲು ಯಾರೂ ಇಲ್ಲದಿದ್ದಾಗ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ಆದರೆ ಷರತ್ತು ಹಾಕಿದರು.

"ನಾನು ಓಡಕ್ಕಿಲ್ಲ, ಬೀಳಕ್ಕಿಲ್ಲ ಸಾ. ಇಟಲೀಲಿ ಒಬ್ಬ ಡಿಫೆಂಡರ್ ಇದ್ದ ನೋಡಿ, ಅವನು ಎದುರು ಬಂದೋನ್ನ ಮುಟ್ತಾನೇ ಇರ್ಲಿಲ್ಲ. ಬರೀ ಕಣ್ಣಲ್ಲೇ ನಿಲ್ಲಿಸ್ತಿದ್ದ. ನಂದೂ ಅದೇ ಸ್ಟೈಲು."

"ಕಣ್ಣಲ್ಲಿ ಹೇಗ್ರೀ ನಿಲ್ಲಿಸ್ತೀರಿ?"

"ಅದು ಹೇಳಿಕೊಡೋಕಾಗಲ್ಲ ಸಾ. ಸರ್ವೀಸಲ್ಲಿ ಬರ್ಬೇಕು."

ಕೊಂಡಪಲ್ಲಿಯ ಕಾರ್ಖಾನೆ ಹುಡುಗರೊಂದಿಗೆ ಪಂದ್ಯ. ಗಟ್ಟಿಮುಟ್ಟಾದ ಹುಡುಗರು, ಓಡಿ ಬಂದರೆ ನೆಲ ಗುಡುಗುತ್ತಿತ್ತು. ಅವರ ಮುಂಚೂಣಿಯ ಹುಡುಗ ಬಾಲು ತಳ್ಳಿಕೊಂಡು ನಮ್ಮ ಗೋಲಿನ ಕಡೆಗೆ ನುಗ್ಗಿದ. ನಡುವೆ ನಮ್ಮ ಕ್ಯಾಷಿಯರ್ ಒಬ್ಬರೇ. ಮುಗೀತು ಇವರ ಕಥೆ ಎಂದು ನಾನು ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಅವರು ಕನ್ನಡಕದ ಮೇಲಿಂದ ಒಂದು ನೋಟ ನೋಡಿದರು. ಬಲಗೈ ತಾನಾಗಿ ಮೇಲೆದ್ದಿತು. ಬಾಯಿಂದ, ದಿನವೂ ಕೌಂಟರಿನಲ್ಲಿ ಬರುವ ಅದೇ ದನಿಯಲ್ಲಿ, ತೆಲುಗು ಬಂತು: "ಆಗಂಡಿ! ಲೈನ್‌ಲೋ ನಿಲಬಡಂಡಿ!"

ತಾಳ್ರೀ, ಸಾಲಿನಲ್ಲಿ ನಿಲ್ಲಿ ಅಂತ.

ಹುಡುಗ ನಿಂತುಬಿಟ್ಟ! ನನ್ನ ಬಾಯಿಂದ ವಿಷಲ್ ಜಾರಿ ಬಿತ್ತು. ಆ ಕಾರ್ಖಾನೆಯ ಹುಡುಗರ ಖಾತೆಗಳೆಲ್ಲ ನಮ್ಮ ಶಾಖೆಯಲ್ಲೇ. ತಿಂಗಳು ತಿಂಗಳು ಆ ನೋಟವನ್ನು, ಆ ಅಂಗೈಯನ್ನು ಕಂಡು ಕಾಲು ಪಳಗಿಹೋಗಿತ್ತು. ಅವನ ಹಿಂದೆ ಓಡಿ ಬರುತ್ತಿದ್ದ ಇಬ್ಬರು ಅವನ ಬೆನ್ನಿಗೆ ತಾಗಿಕೊಂಡು ನಿಂತರು. ಅವರ ಹಿಂದೆ ಇನ್ನೊಬ್ಬ. ಕ್ಯಾಷಿಯರ್ ಗಾಂಭೀರ್ಯದಿಂದ ಬಾಲನ್ನು ಅವನ ಕಾಲಿಂದ ತೆಗೆದುಕೊಂಡು ಆ ಕಡೆ ಒದ್ದರು.

ಸಾಲಿನ ಕೊನೆಯಲ್ಲಿದ್ದವನು ಕತ್ತು ಚಾಚಿ ಕೇಳಿದ, "ಸಾರ್, ಈ ರೋಜು ಟೋಕನ್ ಲೇದಾ?" ಇವತ್ತು ಟೋಕನ್ ಇಲ್ಲವಾ ಅಂತ.

೩. ಹಳದಿ ಕಾರ್ಡು

ಬೇರೆಯವರನ್ನು ಹೇಳಿದೆ, ನನ್ನದನ್ನೂ ಹೇಳಿಬಿಡಬೇಕು. ಯುರೋಪಿನಲ್ಲಿ ಒಬ್ಬ ರೆಫರಿ ಇದ್ದ. ಬೈಯುವುದಿಲ್ಲ, ಕೂಗುವುದಿಲ್ಲ, ತಪ್ಪು ಮಾಡಿದವನ ಮೂಗಿನ ಮುಂದೆ ಕಾರ್ಡು ಹಿಡಿದು ಸುಮ್ಮನೆ ದಿಟ್ಟಿಸುತ್ತಿದ್ದ. ಎಂಥೆಂಥ ಆಟಗಾರರು ತಲೆ ತಗ್ಗಿಸುತ್ತಿದ್ದರು. ನನ್ನದು ಅವನ ಸ್ಟೈಲು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಕೊಂಡಪಲ್ಲಿ ಪಂದ್ಯದ ದಿನ ಕಾರ್ಡು ಮನೆಯಲ್ಲಿ ಮರೆತು ಬಂದಿದ್ದೆ. ಜೇಬಿನಲ್ಲಿ ಯಾರದೋ ಮದುವೆಯ ಕರೆಯೋಲೆ ಇತ್ತು. ಒಳ್ಳೆ ಹಳದಿ ಬಣ್ಣ, ಮೂಲೆಗೆ ಅರಿಶಿನ ಬೇರೆ. ಸಾಕಲ್ಲ ಎಂದುಕೊಂಡೆ. ಅವರ ತಂಡದ ಒಬ್ಬ ಎತ್ತರದ ಆಳು ನಮ್ಮ ಅರ್ಜೆಂಟೀನಾವನ್ನು ಮೊಣಕೈಯಲ್ಲಿ ತಿವಿದು ಉರುಳಿಸಿದ. ಉದ್ದಕ್ಕೆ ವಿಷಲ್ ಊದಿದೆ. ಹತ್ತಿರ ಹೋಗಿ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದೆ. ಒಂದೂ ಮಾತಾಡದೆ ದಿಟ್ಟಿಸಿದೆ.

ಅವನು ಬೆವರೊರೆಸಿಕೊಂಡ. ಎರಡೂ ಕೈಯಿಂದ ಕಾರ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಬಿಡಿಸಿ ಪೂರ್ತಿ ಓದಿದ. ಆಮೇಲೆ ಅಷ್ಟೇ ಭಕ್ತಿಯಿಂದ, "ತಪ್ಪಕುಂಡಾ ವಸ್ತಾಂ ಸಾರ್, ಫ್ಯಾಮಿಲೀತೋ ವಸ್ತಾಂ," ಎಂದ. ತಪ್ಪದೇ ಬರುತ್ತೇವೆ, ಸಂಸಾರ ಸಮೇತ.

ಯಾರ ಮದುವೆಯೋ ಏನೋ. ನನಗೇ ಹೋಗಲಾಗಲಿಲ್ಲ. ಅವನು ಹೋಗಿ ಊಟ ಮಾಡಿ ಬಂದು, ಪಾಯಸ ಚೆನ್ನಾಗಿತ್ತು ಎಂದು ಬ್ಯಾಂಕಿಗೆ ಬಂದು ಹೇಳಿ ಹೋದ.

೪. ಗೋಲಿನ ಚಾರ್ಜು

ವರ್ಗಾವಣೆ ಎನ್ನುವುದು ನಮ್ಮನ್ನು ಚೆಲ್ಲಾಪಿಲ್ಲಿ ಮಾಡುವುದಕ್ಕೇ ಇರುವ ಪದ್ಧತಿ. ಅಂಥದ್ದರಲ್ಲಿ ನಾನು, ಮ್ಯಾನೇಜರ್, ಕ್ಯಾಷಿಯರ್ ಮೂವರೂ ಒಬ್ಬರ ಹಿಂದೊಬ್ಬರು ವಿಶಾಖಪಟ್ಟಣಕ್ಕೇ ಬಂದು ಬಿದ್ದೆವು. ಇಲ್ಲಿ ನೌಕಾಪಡೆಯಲ್ಲಿರುವ ಕನ್ನಡಿಗರು ಸಿಕ್ಕರು. ಕೊನೆಗೂ ನಿಜವಾಗಿ ಓಡಬಲ್ಲ ಮನುಷ್ಯರು! ಅವರಲ್ಲಿ ಮಂಗಳೂರು ಕಡೆಯವರೊಬ್ಬರು ತಾವಾಗಿ ಬಂದು ಗೋಲಿ, ಅಂದರೆ ಗೋಲು ಕಾಯುವವ, ಆಗುತ್ತೇನೆ ಎಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಆದ್ರೆ ನಂದು ಜರ್ಮನಿಯವನ ಸ್ಟೈಲ್ ಮಾರಾಯ್ರೆ," ಎಂದರು. "ಅವ ಗೋಲಲ್ಲಿ ಕೂತುಕೊಳ್ಳುವವ ಅಲ್ಲ. ಬಾಲು ಸಿಕ್ಕಿದ್ರೆ ಸೀದಾ ಮುಂದೆ ಹೋಗುದು, ಆಟ ಕಟ್ಟುದು."

ನನ್ನ ಸಂತೋಷ ಅರ್ಧಕ್ಕಿಳಿಯಿತು. ಆದರೆ ಮುಂದೆ ನಡೆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಚ್ಯುತಾಪುರಂನ ಕಾರ್ಖಾನೆಯವರ ಮೇಲೆ ಪಂದ್ಯ. ನಮ್ಮ ಗೋಲಿಯ ಕೈಗೆ ಬಾಲು ಸಿಕ್ಕಿತು, ಮುಂದಕ್ಕೆ ಹೊರಟರು, ನಾಲ್ಕು ಹೆಜ್ಜೆ ಹಾಕಿ ಗಕ್ಕನೆ ನಿಂತರು. ಬಾಲನ್ನು ಮ್ಯಾನೇಜರ್ ಕಡೆಗೆ ಒದ್ದು, ತಾವು ವಾಪಸು ಗೋಲಿಗೆ ಓಡಿದರು. ಹಡಗಿನಲ್ಲಿ ಪಹರೆ ಬಿಟ್ಟು ಹೋಗುವ ಹಾಗಿಲ್ಲವಂತೆ. ಇನ್ನೊಬ್ಬ ಬಂದು ಜಾಗ ತೆಗೆದುಕೊಳ್ಳಬೇಕು, ಏನೇನಿದೆ ಎಂದು ಅವನಿಗೆ ಒಪ್ಪಿಸಬೇಕು, ಆಮೇಲೆ ಹೊರಡಬೇಕು. ಅಷ್ಟು ವರ್ಷದ ಅಭ್ಯಾಸ, ಕಾಲು ಕಿತ್ತು ಬರಲೊಲ್ಲದು.

"ಕ್ಯಾಷಿಯರ್ರೆ, ಒಮ್ಮೆ ಬನ್ನಿ, ನನ್ನನ್ನು ರಿಲೀವ್ ಮಾಡಿ!"

ಚಾರ್ಜು ಒಪ್ಪಿಸುವುದು ಎಂದರೆ ನಮ್ಮ ಬ್ಯಾಂಕಿನವರಿಗೆ ಅದಕ್ಕಿಂತ ಪವಿತ್ರವಾದದ್ದು ಇನ್ನೊಂದಿಲ್ಲ. ಕ್ಯಾಷಿಯರ್ ಹೋಗಿ ಎದುರು ನಿಂತರು. ಇತ್ತ ಮ್ಯಾನೇಜರ್ ಬಾಲು ಬಂದ ಖುಷಿಯಲ್ಲಿ ಅದನ್ನು ನೋಡುತ್ತ ನಿಂತು ಕಳೆದುಕೊಂಡಿದ್ದರು. ಅಚ್ಯುತಾಪುರಂನವರು ತಿರುಗಿ ಬರುತ್ತಿದ್ದರು.

"ಕಂಬ ಎರಡು. ಎಡಗಡೆಯದ್ದು ಸ್ವಲ್ಪ ಅಲುಗಾಡ್ತದೆ," ಎಂದರು ಗೋಲಿ.

"ಎರಡು ಕಂಬ, ಒಂದು ಅಲುಗಾಡ್ತೈತೆ," ಎಂದರು ಕ್ಯಾಷಿಯರ್, ಹೋಗಿ ಅಲುಗಾಡಿಸಿ ನೋಡಿದರು.

"ಬಲೆಗೆ ಮೇಲೆ ಒಂದು ತೂತು ಉಂಟು."

"ಎಷ್ಟು ದೊಡ್ಡದು? ತೋರ್ಸಿ."

ನಾನು ವಿಷಲ್ ಊದಿದೆ, ಕೂಗಿದೆ, ಕೈ ಬೀಸಿದೆ. ಇಬ್ಬರೂ ಬಲೆಯ ತೂತಿನೊಳಗೆ ಬೆರಳು ಹಾಕಿ ಅಳೆಯುತ್ತಿದ್ದರು. "ಎದುರಿಂದ ಮೂವರು ಬರ್ತಾ ಇದ್ದಾರೆ," ಎಂದು ಗೋಲಿ ಕೊನೆಯ ಬಾಬ್ತು ಒಪ್ಪಿಸುವಷ್ಟರಲ್ಲಿ ಬಾಲು ಇಬ್ಬರ ಮಧ್ಯೆಯೇ ಹಾದು ಒಳಗೆ ಹೋಯಿತು.

ಆಟ ಮುಗಿದ ಮೇಲೆ, ಇದು ಯಾರ ಜವಾಬ್ದಾರಿ ಎಂದು ತನಿಖೆ ನಡೆಯಿತು.

"ನಾನು ಚಾರ್ಜ್ ಕೊಟ್ಟಾಗಿತ್ತು ಮಾರಾಯ್ರೆ," ಎಂದರು ಗೋಲಿ.

"ನಾನಿನ್ನೂ ತಗೊಂಡಿರ್ಲಿಲ್ಲ ಸಾ," ಎಂದರು ಕ್ಯಾಷಿಯರ್.

ಹೀಗಾಗಿ ಇವತ್ತಿಗೂ ನಮ್ಮ ತಂಡದ ಪ್ರಕಾರ ಆ ಗೋಲು ಯಾರಿಗೂ ಬಿದ್ದಿಲ್ಲ.

೫. ಸ್ಪೇನಿನ ಮಂಡಿ

ಆಟದ ಹೋಲಿಕೆ ಸಾಲದೆಂದು ಕೆಲವರು ಗಾಯಗಳನ್ನೂ ಹೋಲಿಸಿಕೊಳ್ಳತೊಡಗಿದರು. ಒಂದು ಭಾನುವಾರ ಕ್ಯಾಷಿಯರ್ ಕುಂಟುತ್ತ ಬಂದರು. ಮುಖದಲ್ಲಿ ನೋವಿಗಿಂತ ಹೆಮ್ಮೆಯೇ ಜಾಸ್ತಿ.

"ಲಿಗಮೆಂಟು ಸಾ. ಸ್ಪೇನಿನ ಮಿಡ್‌ಫೀಲ್ಡರ್‌ಗೆ ಹೋದ ಸಲ ಆಯ್ತಲ್ಲ, ಪಕ್ಕಾ ಅದೇ ಜಾಗ. ಅವನು ಆರು ತಿಂಗಳು ಮಲಗಿದ್ದ."

ಜೊತೆಗೆ ನಾನೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದ ತೆಲುಗಿನವರು, ನಗುವುದಕ್ಕೂ ಫೀಸು ಕೇಳುವವರ ಹಾಗೆ ಮುಖ. ಕ್ಯಾಷಿಯರ್ ಸ್ಪೇನಿನ ಕಥೆಯನ್ನೆಲ್ಲ ಹೇಳಿದರು. ಹೇಗೆ ಆ ಆಟಗಾರ ಓಡುತ್ತ ಓಡುತ್ತ ಗರ್ರನೆ ತಿರುಗಿದ, ಹೇಗೆ ಕಾಲು ನೆಲಕ್ಕೆ ಕಚ್ಚಿಕೊಂಡಿತು, ಹೇಗೆ ಸ್ಟೇಡಿಯಂ ಪೂರ್ತಿ ಎದ್ದು ನಿಂತಿತು. ಡಾಕ್ಟರು ಎಲ್ಲ ಕೇಳಿಸಿಕೊಂಡು ಮಂಡಿಯನ್ನು ಅಲ್ಲಿ ಇಲ್ಲಿ ಒತ್ತಿದರು.

"ಅದು ಅವನಿಗೆ. ನಿಮಗೆ ಯಾವಾಗ ನೋವು ಶುರುವಾಯಿತು?" ಎಂದು ತೆಲುಗಿನಲ್ಲಿ ಕೇಳಿದರು.

ಕ್ಯಾಷಿಯರ್ ನನ್ನ ಮುಖ ನೋಡಿದರು. ಗೋಡೆ ನೋಡಿದರು. "ಸಾಕ್ಸ್ ಹಾಕ್ಕೊಳ್ಳುವಾಗ," ಎಂದರು ಮೆಲ್ಲಗೆ.

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಡಾಕ್ಟರ ಮುಖ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಚೀಟಿ ಬರೆದು ಕೈಗಿಟ್ಟು ಹೇಳಿದರು, "ಐತೇ ಆರು ನೆಲಲು ಸಾಕ್ಸ್ ವೇಸುಕೋಕಂಡಿ."

ಆರು ತಿಂಗಳು ಸಾಕ್ಸ್ ಹಾಕಬೇಡಿ. ಸ್ಪೇನಿನವನಿಗೂ ಅಷ್ಟೇ ವಿಶ್ರಾಂತಿ ಕೊಟ್ಟಿದ್ದರಲ್ಲ.

೬. ಕೈಕೊಟ್ಟ ವಿಡಿಯೋ

ಮ್ಯಾನೇಜರ್ ಗೋಲು ಇನ್ನೂ ಬಾಕಿಯೇ. ಈ ನಡುವೆ ಅವರಿಗೆ ಒಂದು ಯೋಚನೆ ಬಂತು. ಮೊಬೈಲಿನಲ್ಲಿ ತಮ್ಮ ಆಟವನ್ನು ಹಿಡಿಸುವುದು, ಬ್ರೆಜಿಲಿನವನ ವಿಡಿಯೋ ಪಕ್ಕದಲ್ಲಿಟ್ಟು ನೋಡುವುದು, ಎಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದೆಯೋ ಅಲ್ಲಿ ತಿದ್ದಿಕೊಳ್ಳುವುದು. "ಸಣ್ಣಪುಟ್ಟ" ಎಂದದ್ದು ಅವರೇ. ಹಿಡಿಯುವ ಕೆಲಸ ಮನೆಯವರಿಗೆ. ಆಕೆ ಪಾಪ ಜಮಖಾನದ ಮೇಲೆ ಕೂತು, ಕೈ ನೋಯಿಸಿಕೊಂಡು ಪೂರ್ತಿ ಆಟ ಹಿಡಿದರು.

ಸಂಜೆ ಎಲ್ಲರೂ ಅವರ ಮನೆಯಲ್ಲಿ ಟೀವಿ ಮುಂದೆ ಸೇರಿದೆವು. ಮೊಬೈಲನ್ನು ಟೀವಿಗೆ ಜೋಡಿಸಿದರು. ತೆರೆಯ ಮೇಲೆ ಮ್ಯಾನೇಜರ್ ಮೂಡಿದರು. ಸೊಂಟದ ಮೇಲೆ ಕೈ, ದೂರಕ್ಕೆ ನೋಟ, ಹಿಂದೆ ಗುಡ್ಡ. ನೋಡಿದೆವು. ನೋಡುತ್ತಲೇ ಇದ್ದೆವು. ಉಪ್ಪಿಟ್ಟಿನ ತಟ್ಟೆ ಖಾಲಿಯಾಯಿತು. ತೆರೆಯ ಮೇಲೆ ಅದೇ ಸೊಂಟ, ಅದೇ ಕೈ.

"ನೆಟ್ ಸ್ಲೋ ಅನ್ಸುತ್ತೆ ಸಾ, ಸುತ್ತುತಾ ಐತೆ," ಎಂದು ಕ್ಯಾಷಿಯರ್ ಎದ್ದು ಟೀವಿಯ ತಲೆಗೆ ಎರಡು ತಟ್ಟಿದರು.

"ನೆಟ್ಟು ಎಲ್ಲಿ ಬಂತು ಮಾರಾಯ್ರೆ, ಇದು ಮೊಬೈಲಲ್ಲೇ ಇರುದು. ಹ್ಯಾಂಗ್ ಆಗಿರ್ಬೇಕು," ಎಂದು ಗೋಲಿ ಮೊಬೈಲ್ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಮ್ಯಾನೇಜರ್ ಹಿಂದಿನಿಂದ ಒಂದು ನಾಯಿ ನಿಧಾನವಾಗಿ ನಡೆದು ಬಂತು, ಅವರ ಕಾಲು ಮೂಸಿತು, ಬೇರೇನೂ ಮಾಡದೆ ಮುಂದೆ ಹೋಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾವುದೂ ಹ್ಯಾಂಗ್ ಆಗಿರಲಿಲ್ಲ.

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯವರು ಕೇಳಿದರು, "ಅಲ್ಲರೀ, ಇದಕ್ಕ ವಿಡಿಯೋ ಯಾಕ ಹೇಳಿದ್ರಿ? ಒಂದು ಫೋಟೋ ಸಾಕಿತ್ತಲ್ಲ."

ಮ್ಯಾನೇಜರ್ ಕೂಡ ಎಲ್ಲರ ಜೊತೆ ನಕ್ಕರು. ಆದರೆ ಕೆಳಗೆ ಗೇಟಿನ ತನಕ ನನ್ನನ್ನು ಬಿಡಲು ಬಂದವರು ಅಲ್ಲಿ ಮೆತ್ತಗೆ ಹೇಳಿದರು, "ಸರ, ಟ್ರಾನ್ಸ್‌ಫರ್ ಆರ್ಡರ್ ಬಂದದ. ಕಡಪ. ಇನ್ನ ಒಂದ ಐತವಾರ ಉಳದದ."



೭. ಕೊನೆಯ ಭಾನುವಾರ

ಆ ವಾರವೆಲ್ಲ ನಾನು ಫೋನಿನಲ್ಲೇ. ವಿಜಯವಾಡದ ಹಳೆಯ ಕನ್ನಡಿಗ ಗೆಳೆಯರನ್ನು ಹಿಡಿದು, ಬೀಳ್ಕೊಡುಗೆಯ ಪಂದ್ಯಕ್ಕೆ ಬನ್ನಿ ಎಂದೆ. ಜೊತೆಗೆ ಗುಟ್ಟಾಗಿ, ಆ ಮನುಷ್ಯನಿಗೆ ಒಂದು ಗೋಲು ಆಗಬೇಕು ಎಂದೆ. ಅವರು, "ಅಷ್ಟೇ ತಾನೇ? ನಮ್ಮ ಕೈಲಾದ್ದು ಮಾಡ್ತೀವಿ," ಎಂದು ರಾತ್ರಿಯ ರೈಲು ಹತ್ತಿ ಮಧುರವಾಡದ ನಮ್ಮ ಮೈದಾನಕ್ಕೆ ಬಂದರು. ಮ್ಯಾನೇಜರಿಗೆ ಇದ್ಯಾವುದೂ ಗೊತ್ತಿಲ್ಲ. ಮನೆಯವರಿಗೂ ಗೊತ್ತಿಲ್ಲ; ಆಕೆ ಎಂದಿನಂತೆ ಜಮಖಾನ ಹಾಸಿ, ಚಪ್ಪಲಿ ಬಿಟ್ಟು, ಗೋಲಿನ ಪಕ್ಕಕ್ಕೆ ಕೂತಿದ್ದರು.

ಗೋಲು ಹೊಡೆಸಿಕೊಳ್ಳುವುದು ಇಷ್ಟು ಕಷ್ಟ ಎಂದು ವಿಜಯವಾಡದವರು ತಿಳಿದಿರಲಿಲ್ಲ. ಮಂತ್ರಿಗಳ ಕಾರಿಗೆ ದಾರಿ ಬಿಟ್ಟ ಹಾಗೆ ಎರಡೂ ಕಡೆ ಸರಿದು ನಿಂತರು. ಮ್ಯಾನೇಜರ್ ಬರಲಿಲ್ಲ, ಬಾಲು ಹುಡುಕಿಕೊಂಡು ಬರಲಿ ಎಂದು ನಿಂತಿದ್ದರು. ಬಾಲನ್ನು ಅವರ ಕಾಲಿಗೇ ತಂದು ಕೊಟ್ಟರು. ಇವರು "ಥ್ಯಾಂಕ್ಸ್ ರೀ," ಎಂದು ವಾಪಸು ಕೊಟ್ಟರು. ಒಬ್ಬನಂತೂ ತಾನೇ ಎಡವಿ ಬಿದ್ದು ದಾರಿ ಮಾಡಿಕೊಟ್ಟ. ಮ್ಯಾನೇಜರ್ ಬಾಲು ಬಿಟ್ಟು ಅವನನ್ನು ಎಬ್ಬಿಸಲು ಹೋದರು.

ಬಿಸಿಲೇರಿತು. ಮುಗಿಯಲು ಎರಡು ನಿಮಿಷವೂ ಇಲ್ಲ. ನಾನು ವಿಜಯವಾಡದ ನಾಯಕನ ಕಡೆ ದೀನವಾಗಿ ನೋಡಿದೆ. ಆ ಪುಣ್ಯಾತ್ಮ ತನ್ನ ಗೋಲಿನ ಎದುರಿಗೇ ನಿಂತು, ಬರುತ್ತಿದ್ದ ಬಾಲನ್ನು ಎರಡೂ ಕೈಯಲ್ಲಿ ಮಂಗಳಾರತಿ ತೆಗೆದುಕೊಂಡ ಹಾಗೆ ಹಿಡಿದುಬಿಟ್ಟ.

ಪೆನಾಲ್ಟಿ! ವಿಷಲ್ ಊದಿ ಊದಿ ನನ್ನ ಕಿವಿಯೇ ಕಿವುಡಾಯಿತು.

ಎದುರು ವಿಜಯವಾಡದ ಗೋಲಿ, ಶಿವಮೊಗ್ಗದ ಕಡೆಯ ಕ್ಲರ್ಕು, ಹಿಂದೆ ಇದೇ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಿದವನು. ಎಡಕ್ಕೆ ಹಾರಿಬಿಡು ಎಂದು ಅವನಿಗೆ ಹೇಳಿ ಇಟ್ಟಿದ್ದೆ. ಮ್ಯಾನೇಜರ್ ಬಾಲು ಇಟ್ಟರು. ಹಿಂದೆ ಹೋದರು. ಇನ್ನೂ ಹಿಂದೆ ಹೋದರು. ಬ್ರೆಜಿಲಿನವನ ಹಾಗೆ ಕುಣಿದು ಕುಣಿದು ಓಡಿ ಬಂದು, ಕಣ್ಣು ಮುಚ್ಚಿ, ಒದ್ದರು.

ಬಾಲಿನ ನೆತ್ತಿಗೆ ತಗುಲಿತು. ಬಾಲು ಉರುಳತೊಡಗಿತು.

ಅವರು ತಿರುಗಿ ನೋಡಲೇ ಇಲ್ಲ. ನಮ್ಮ ಕಡೆಗೆ ಮುಖ ಮಾಡಿ, ಎರಡೂ ಮಂಡಿ ಊರಿ, ಆಕಾಶಕ್ಕೆ ಕೈಯೆತ್ತಿ ಕಣ್ಣು ಮುಚ್ಚಿಕೊಂಡು ಕೂತರು. ಅವರ ಬೆನ್ನ ಹಿಂದೆ ಬಾಲು ಇನ್ನೂ ಉರುಳುತ್ತಿತ್ತು. ಗೋಲಿ ಹೇಳಿದಂತೆ ಎಡಕ್ಕೆ ಹಾರಿದ, ಬಿದ್ದ, ಎದ್ದ, ನೋಡಿದ. ಬಾಲು ಅರ್ಧ ದಾರಿಯಲ್ಲಿತ್ತು. ಏನು ಮಾಡಬೇಕು ಪಾಪ? ಮತ್ತೆ ಎಡಕ್ಕೆ ಹಾರಿದ. ಹಿಂದಿನ ದಿನದ ಮಳೆಗೆ ಕೆಂಪು ಮಣ್ಣು ಒದ್ದೆಯಾಗಿತ್ತು. ಎರಡೂ ತಂಡದವರು ಕತ್ತು ಚಾಚಿ ಮನಸ್ಸಿನಲ್ಲೇ ಬಾಲನ್ನು ತಳ್ಳುತ್ತಿದ್ದೆವು. ಅದು ಗೆರೆಯ ತನಕ ಬಂತು. ಗೆರೆಯ ಮೇಲೆ ಬಂತು. ನಿಂತಿತು.

ನಿಂತೇಬಿಟ್ಟಿತು.

ಅಷ್ಟರಲ್ಲಿ ಜಮಖಾನದ ಮೇಲಿಂದ ಯಾರೋ ಎದ್ದರು. ಮ್ಯಾನೇಜರ ಮನೆಯವರು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬರಿಗಾಲಲ್ಲಿ ಬಿರಬಿರನೆ ನಡೆದು ಬಂದರು. ಬಿದ್ದುಕೊಂಡಿದ್ದ ಗೋಲಿಯನ್ನು ದಾಟಿದರು. ಗಂಡನ ಬೆನ್ನನ್ನು ಒಂದು ಸಲ ನೋಡಿದರು. ಆಮೇಲೆ ಒದ್ದರು ನೋಡಿ ಒಂದು ಒದೆತ! ಬಾಲು ಬಲೆಯ ಮೇಲಿನ ಮೂಲೆಗೆ ಹೋಗಿ ಬಡಿದು ಬಲೆಯೇ ಹರಿದು ಜೋಲಾಡಿತು. ಆಕೆ ಸೆರಗು ಸರಿಮಾಡಿಕೊಂಡು ಹೋಗಿ ಜಮಖಾನದ ಪಕ್ಕ ನಿಂತರು.

ವಿಷಲ್ ನನ್ನ ಬಾಯಲ್ಲೇ ಇತ್ತು, ಊದಲು ಗಾಳಿ ಇರಲಿಲ್ಲ. ನಿಯಮದ ಪ್ರಕಾರ ಇದು ಗೋಲೇ ಅಲ್ಲ. ಹೊರಗಿನವರು ಬಂದು ಬಾಲು ಮುಟ್ಟುವಂತಿಲ್ಲ. ಇಷ್ಟು ವರ್ಷ ನಿಯಮ ಬಿಟ್ಟು ಒಂದು ಸಹಿ ಹಾಕಿದವನಲ್ಲ ನಾನು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡೇ ಇದ್ದಾರೆ.

ಆಗ ನೆಲದ ಮೇಲಿದ್ದ ಶಿವಮೊಗ್ಗದ ಕ್ಲರ್ಕು ಮಲಗಿದಲ್ಲಿಂದಲೇ, ನನಗೆ ಮಾತ್ರ ಕೇಳುವಂತೆ ಹೇಳಿದ:

"ಜಾಯಿಂಟ್ ಅಕೌಂಟ್ ಸಾರ್. ಗಂಡ ಹೆಂಡ್ತಿ ಇಬ್ಬರಲ್ಲಿ ಯಾರು ಬೇಕಾದರೂ ಆಪರೇಟ್ ಮಾಡಬಹುದು."

ಇದಕ್ಕಿಂತ ಸ್ಪಷ್ಟವಾದ ನಿಯಮ ಇನ್ನಾವುದಿದೆ? ಎದೆ ತುಂಬ ಗಾಳಿ ಎಳೆದುಕೊಂಡು ವಿಷಲ್ ಊದಿದೆ. "ಗೋಲ್!"

ಎರಡೂ ತಂಡದವರು ಮ್ಯಾನೇಜರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಅವರು ಬಲೆಯೊಳಗಿದ್ದ ಬಾಲು ನೋಡಿದರು, ಮೂಲೆಯಲ್ಲಿ ಹರಿದ ಬಲೆ ನೋಡಿದರು. "ನೋಡಿದ್ರೇನ್ರಿ ಸರ, ಹ್ಯಾಂಗ ಹೋಗೇದ! ಬ್ರೆಜಿಲ್‌ನಾಂವ ಹೊಡದ ಮ್ಯಾಲೆ ಹೊಳ್ಳಿ ನೋಡೂದಿಲ್ಲ ರೀ," ಎಂದರು. ನಾನು, ಜೀವಮಾನದಲ್ಲಿ ಅಪರೂಪಕ್ಕೆ, ಮಾತಾಡಲಿಲ್ಲ.

ಹೆಗಲಿಂದಿಳಿದವರೇ ಸೀದಾ ಮನೆಯವರ ಹತ್ತಿರ ಹೋದರು. ನಾವೆಲ್ಲ ಹಿಂದೆಯೇ.

"ಏನಂತೀ ಈಗ? ಎಲ್ಲಾರ ಮುಂದ ಹೇಳು. ಬ್ರೆಜಿಲ್ ಹೌದೋ ಅಲ್ಲೋ?"

"ಹೌದ್ರೀ, ಹೌದು. ಒಪ್ಪಿದೆ. ಬ್ರೆಜಿಲ್," ಎಂದರು ಆಕೆ. ಕಣ್ಣು ತುಂಬಿ ಬಂದಿತ್ತು. ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಮೇಲಿಟ್ಟುಕೊಂಡು ತುಸು ವಾಲಿ ನಿಂತಿದ್ದರು.

ಮ್ಯಾನೇಜರ್ ಅದನ್ನು ನೋಡಿಬಿಟ್ಟರು. "ನಿನ್ನ ಕಾಲಿಗೆ ಏನಾತು? ಯಾಕ ಹಂಗ ನಿಂತೀ?"

ಒಬ್ಬರು ಗುಡ್ಡ ನೋಡಿದರು, ಒಬ್ಬರು ಶೂ ಲೇಸು ನೋಡಿದರು.

ಆಕೆ ಒಂದು ಕ್ಷಣವೂ ತಡಮಾಡಲಿಲ್ಲ. "ನೋಯ್ತದ ರೀ, ಇನ್ನೇನ! 'ಬರೂ ಐತವಾರ ನೋಡು, ಬರೂ ಐತವಾರ ನೋಡು' ಅಂದ್ರಿ. ಈ ಒಂದು ಗೋಲಿಗೆ ಎಷ್ಟ್ ವರ್ಷದಿಂದ ನಿಂತೀನಿ!"